ಮಂಜಿನಲ್ಲಿ ಹುಡುಗನನ್ನು ನೋಡಿದ್ದು

ಮಾದೇವ ನಾಯ್ಕ ತೆಗೆದ ಫೋಟೋಗಳಲ್ಲಿ ಹಡಗು ಇರುತ್ತಿತ್ತು ಎಂಬುದಕ್ಕೆ ಅವನ ಮಾತೊಂದೇ ಆಧಾರ. ಉಳಿದಂತೆ ಅವು ಬೆಳ್ಳಗಿನ ಫೋಟೋಗಳು. ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ಸ್ವಲ್ಪ ಕೊಳೆಯಾದ ಬಿಳಿ. ಆ ಕೊಳೆಯಾದ ಬಿಳಿಯ ಮೇಲೆ ಬೆರಳಿಟ್ಟು “ಇದು ಮೂತಿ, ಇದು ಹಿಂಬದಿ, ಇದು ಕ್ರೇನು” ಎಂದು ಅವನು ತೋರಿಸುತ್ತ ಹೋದರೆ ನೋಡುವವರ ಕಣ್ಣಿಗೂ ನಿಧಾನವಾಗಿ ಒಂದು ಹಡಗು ಮೂಡತೊಡಗುತ್ತಿತ್ತು. ಮೂಡದಿದ್ದರೆ ಅವರ ಅಕ್ಕಿ ಹಿಟ್ಟಾಗುವುದು ತಡವಾಗುತ್ತಿತ್ತು. ಏಕೆಂದರೆ ಮಾದೇವನಿಗೆ ಇದ್ದದ್ದು ಒಂದು ಹಿಟ್ಟಿನ ಗಿರಣಿ. ಕೋಡಿಕೇರಿಗೆ ಇದ್ದದ್ದೂ ಅದೊಂದೇ.

ಕೋಡಿಕೇರಿ ಶರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದ ಕೇರಿ. ಎದುರು ದಂಡೆಯಲ್ಲಿ ಹೊನ್ನಾವರ ಪೇಟೆ. ಗಿರಣಿಯ ಹಿಂಬಾಗಿಲು ತೆಗೆದರೆ ನಾಲ್ಕು ತೆಂಗಿನ ಮರ, ಆಮೇಲೆ ಹೊಳೆ. ಮೊದಲೆಲ್ಲ ಆ ಹೊಳೆಯಲ್ಲಿ ಮೀನಿನ ದೋಣಿ, ಬಳಚು ಎಂಬ ಚಿಪ್ಪುಮೀನು ಆರಿಸುವ ದೋಣಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಈಚೆಗೆ ಅಳಿವೆಯ ಮರಳು ತೆಗೆದ ಮೇಲೆ, ಮೇಲುಗಡೆ ನಡೆಯುತ್ತಿದ್ದ ಯಾವುದೋ ಕಾಮಗಾರಿಗೆ ಕಬ್ಬಿಣ ತರುವ ಸಣ್ಣ ಸರಕು ಹಡಗುಗಳು ಭರತದ ನೀರು ನೋಡಿಕೊಂಡು ಒಳಗೆ ಬರತೊಡಗಿದ್ದವು. ಸಣ್ಣ ಎಂದದ್ದು ಹಡಗಿನವರ ಲೆಕ್ಕದಲ್ಲಿ. ಕೋಡಿಕೇರಿಯ ಲೆಕ್ಕದಲ್ಲಿ ಅವು ಊರಿನ ಶಾಲೆಗಿಂತ ಉದ್ದ, ಶಾಲೆಯ ಮೇಲೆ ಇನ್ನೊಂದು ಶಾಲೆ ಇಟ್ಟಷ್ಟು ಎತ್ತರ. ಮೊದಲ ಹಡಗು ಬಂದ ದಿನವೇ ಮಾದೇವ ಗಿರಣಿ ಬಂದ್ ಮಾಡಿ ಭಟ್ಕಳಕ್ಕೆ ಹೋದ. ಮದುವೆ ಫೋಟೋ ತೆಗೆಯುವುದನ್ನು ಬಿಟ್ಟು ಮೊಬೈಲ್ ಅಂಗಡಿ ಹಾಕಿಕೊಂಡಿದ್ದ ಒಬ್ಬನಿಂದ ಹಳೆಯ ಕೆಮರಾವನ್ನೂ ಅದರ ಮೊಳದುದ್ದದ ಲೆನ್ಸನ್ನೂ ತಂದ.

ಕೆಮರಾದ ತಪ್ಪೇನೂ ಇರಲಿಲ್ಲ. ಮಾದೇವನಿಗೆ ಪುರುಸೊತ್ತು ಸಿಗುತ್ತಿದ್ದದ್ದು ಗಿರಣಿ ತೆರೆಯುವ ಮೊದಲು, ಆಗ ಹೊಳೆಯ ತುಂಬ ಮಂಜು. ಮಂಜು ಸರಿದು ಹಡಗು ಲಕಲಕ ಹೊಳೆಯುವ ಹೊತ್ತಿಗೆ ಗಿರಣಿಯ ಮುಂದೆ ಅಕ್ಕಿ, ರಾಗಿ, ಉದ್ದು ಹಿಡಿದುಕೊಂಡ ಜನ. ಹೀಗಾಗಿ ಅವನು ಹಡಗುಗಳನ್ನು ನೋಡಿದ್ದು ಬಹಳ, ಸರಿಯಾಗಿ ನೋಡಿದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ದಿನಕ್ಕೊಂದು ಬೆಳ್ಳಗಿನ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. ಅಂಕೋಲೆಯ ಚಿಕ್ಕಮ್ಮ ಕೈ ಮುಗಿದ ಚಿತ್ರ ಕಳಿಸುತ್ತಿದ್ದಳು. ಹಡಗಿನ ವಿಷಯ ಬಂದರೆ “ಮಾದೇವನ್ನ ಕೇಳಿ” ಎನ್ನುವ ಮಟ್ಟಿಗೆ ಅವನ ಖ್ಯಾತಿ ಬೆಳೆದಿತ್ತು.

ಖ್ಯಾತಿ ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮಾದೇವನ ಹೆಂಡತಿ ಮಂಗಲಾಳ ಅಣ್ಣನ ಮಗಳು ಅಮಿತಾಳಿಗೆ ಹಡಗಿನ ಹುಡುಗನೊಬ್ಬನ ಸಂಬಂಧ ಬಂದಿತ್ತು.

ಮಂಗಲಾಳ ಅಣ್ಣ ವಿಶ್ವನಾಥ ಕುಮಟೆಯ ಹತ್ತಿರ ಈರುಳ್ಳಿ ಬೆಳೆಯುವವನು. ಒಂದೊಂದು ಈರುಳ್ಳಿಯನ್ನೂ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿಯೇ ಮಾರುವ ಗೊಂಚಲಿನ ಜಡೆಗೆ ಹೆಣೆಯುವ ಮನುಷ್ಯ. ಮಗಳು ಅಮಿತಾ ಕುಮಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹುಡುಗ ನಾಗರಾಜ ಭಟ್ಕಳದ ಪಕ್ಕದ ಜಾಲಿಯವನು, ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ನೌಕರಿ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಒಪ್ಪಿದ್ದರು. ಹುಡುಗನ ತಾಯಿ ಮಾಲಿನಿ ಒಪ್ಪಿದ್ದಳು. ಒಪ್ಪದವನು ವಿಶ್ವನಾಥ ಒಬ್ಬನೇ. ಹುಡುಗನನ್ನು ಕಣ್ಣಾರೆ ನೋಡದೆ ವೀಳ್ಯ ಕೊಡುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ಹುಡುಗ ನೋಡಿದರೆ ವರ್ಷಗಟ್ಟಲೆ ಸಮುದ್ರದ ಮೇಲೆ. ಮಾಲಿನಿ ಕಳಿಸಿದ್ದ ಸ್ಟುಡಿಯೋ ಫೋಟೋದಲ್ಲಿ ಮುಖವನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ ಕಣ್ಣು ಮತ್ತು ಕಾಲರು ಬಿಟ್ಟು ಬೇರೇನೂ ಉಳಿದಿರಲಿಲ್ಲ. ವಿಡಿಯೋ ಕಾಲ್ ಮಾಡೋಣವೆಂದರೆ ವಿಶ್ವನಾಥ ಫೋನಿನ ಪರದೆಯನ್ನು ನಂಬುತ್ತಿರಲಿಲ್ಲ. ಹಿಂದೊಮ್ಮೆ ಅವನು ಫೋನಿನಲ್ಲಿ ನೋಡಿ ಒಂದು ಎಮ್ಮೆ ಕೊಂಡಿದ್ದ. ಮನೆಗೆ ಬಂದ ಎಮ್ಮೆಗೆ ಒಂದೇ ಕೊಂಬಿತ್ತು.

“ಎಮ್ಮೆಯಾದ್ರೆ ಹಾಲು ಕೊಡ್ತು, ಸುಮ್ನಾದೆ” ಎನ್ನುತ್ತಿದ್ದ ವಿಶ್ವನಾಥ. “ಅಳಿಯ ಎಂತ ಕೊಡ್ತ?”

ಇತ್ತ ಧನುರ್ಮಾಸ ಹತ್ತಿರ ಬಂದಿತ್ತು. ಧನುರ್ಮಾಸ ಹಿಡಿದರೆ ಮದುವೆಯ ಮಾತಿಲ್ಲ. ಅಷ್ಟರೊಳಗೆ ಹಡಗಿನವನು ಕಣ್ಣಿಗೆ ಬೀಳದಿದ್ದರೆ, ಅಮಿತಾಳನ್ನು ಕೇಳಿಕೊಂಡು ಬಂದಿದ್ದ ಬ್ಯಾಂಕಿನ ಹುಡುಗನಿಗೇ ಮಾತು ಕೊಟ್ಟುಬಿಡುವುದೆಂದು ವಿಶ್ವನಾಥ ಮನೆಯಲ್ಲಿ ಹೇಳಿಯಾಗಿತ್ತು. ಬ್ಯಾಂಕಿನ ಹುಡುಗನನ್ನು ಅವನು ಕೌಂಟರಿನ ಗಾಜಿನಾಚೆ ಕಣ್ಣಾರೆ ನೋಡಿದ್ದ. ಅಮಿತಾ ಅಪ್ಪನೊಡನೆ ಮಾತು ಬಿಟ್ಟಳು. ಅಪ್ಪ ಅವಳು ಮಾತು ಬಿಟ್ಟದ್ದನ್ನು ಒಪ್ಪಿಗೆ ಎಂದು ತಿಳಿದ.

ಅಂಥ ಹೊತ್ತಿನಲ್ಲಿ, ಯಾರೂ ಎಣಿಸಿರದಂತೆ, ನಾಗರಾಜನಿದ್ದ ಹಡಗೇ ಕಬ್ಬಿಣ ಹೇರಿಕೊಂಡು ಶರಾವತಿಯ ಒಳಗೆ ಬಂದು ಲಂಗರು ಹಾಕಿತು. ಹಾಕಿದ್ದು ಮಾದೇವನ ಗಿರಣಿಯ ನೇರ ಹಿಂದೆ. ಆದರೆ ಹಡಗು ಕೊಲ್ಲಿ ದೇಶಗಳ ಕಡೆಯಿಂದ ಬಂದದ್ದು, ಕಾಗದಪತ್ರ ಆಗದೆ ಯಾರೂ ದಂಡೆಗೆ ಇಳಿಯುವಂತಿಲ್ಲ, ದಂಡೆಯವರು ಹತ್ತುವಂತಿಲ್ಲ. ಕಾಗದಪತ್ರ ಆಗುವುದರೊಳಗೆ ಹಡಗು ಹೊರಟಿರುತ್ತದೆ.

ಮಾದೇವ ಕೂಡಲೇ ಕುಮಟೆಗೆ ಫೋನು ಮಾಡಿದ.

“ಭಾವ, ತಲೆಬಿಸಿ ಮಾಡ್ಬೇಡಿ. ಹುಡುಗ ನಮ್ಮ ಗಿರಣಿ ಹಿಂದೇ ಬಂದು ನಿಂತಿದ್ದ. ಬೇಕಾದ್ರೆ ಹಲ್ಲು ಎಣಿಸಿ ಕೊಡ್ತೆ.”

“ನಿನ್ನ ಫೋಟೋದಲ್ಲಿ ಹಡಗೇ ಕಾಣೂದಿಲ್ಲ ಮಾರಾಯ. ಹಲ್ಲು ಎಲ್ಲಿಂದ ಕಾಣ್ತದೆ?”

“ಹಡಗು ದೊಡ್ಡದು ಭಾವ, ಮಂಜಲ್ಲಿ ಮುಚ್ಚಿಹೋಗ್ತದೆ. ಮನುಷ್ಯ ಸಣ್ಣವ. ಅವನಿಗೆ ಅಷ್ಟು ಮಂಜು ಹಿಡಿಯೂದಿಲ್ಲ.”

ಫೋನು ಸುಳ್ಳು ಹೇಳಬಹುದು, ಮೊಳದುದ್ದದ ಲೆನ್ಸ್ ಕಣ್ಣಿನ ಜಾತಿಯದೇ ಎಂದು ಮಾದೇವ ಇನ್ನಷ್ಟು ವಾದಿಸಿ, ಮರುದಿನ ಬೆಳಗ್ಗೆ ಹುಡುಗನ ಫೋಟೋ ಕಳಿಸುವುದಾಗಿ ಮಾತು ಕೊಟ್ಟ. ಮಂಗಲಾ ಅಮಿತಾಳ ಮೂಲಕ ನಾಗರಾಜನನ್ನು ಕೇಳಿಸಿ ಗುರುತು ತಿಳಿದುಕೊಂಡಳು. ಕಿತ್ತಳೆ ಬಣ್ಣದ ಅಂಗಿ-ಪ್ಯಾಂಟು ಒಂದೇ ಆಗಿ ಹೊಲಿದ ಉಡುಪು, ಹಳದಿ ಹೆಲ್ಮೆಟ್ಟು, ಹಡಗಿನ ಹಿಂಬದಿಯ ಕಟಕಟೆಯ ಹತ್ತಿರ ಬಂದು ನಿಲ್ಲುತ್ತಾನೆ.

ಮರುದಿನ ಬೆಳಗಾದಾಗ ಹೊಳೆ ಇರಲಿಲ್ಲ. ಹೊಳೆ ಇದ್ದ ಜಾಗದಲ್ಲಿ ಮಂಜಿತ್ತು. ಅದರ ಒಳಗೆಲ್ಲೋ ಎಂಜಿನ್ನಿನ ಗುಡುಗುಡು, ಸರಪಳಿಯ ಖಣಖಣ. ಮಾದೇವ ತೆಂಗಿನ ಮರಕ್ಕೆ ಒರಗಿ ಲೆನ್ಸ್ ನೆಟ್ಟ. ಮಂಗಲಾ ಚಹಾದ ಲೋಟ ಹಿಡಿದು ಅವನ ಬೆನ್ನಿಗೆ ನಿಂತಳು. ಪಕ್ಕದ ಮನೆಯ ಸುಕ್ರಿ ಬಳಚಿಗೆ ದೋಣಿ ಇಳಿಸಬೇಕಿತ್ತು. ಮಂಜು ಸರಿಯುವವರೆಗೆ ಕೆಲಸವಿಲ್ಲವೆಂದು ಅವಳೂ ಬಂದು ಬೇರಿನ ಮೇಲೆ ಕುಳಿತಳು.

“ಕಂಡ್ನಾ ಮಾದೇವಣ್ಣ?”

“ತಡಿ.”

“ಎಂತ ಕಾಣ್ತದೆ?”

“ಬೆಳ್ಳಗೆ ಕಾಣ್ತದೆ.”

“ಅದು ನಂಗೂ ಕಾಣ್ತದೆ, ಕೆಮರಾ ಇಲ್ದೇ” ಎಂದಳು ಸುಕ್ರಿ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗಾಳಿ ಒಂದು ಸಲ ಉಸಿರು ಬಿಟ್ಟಿತು. ಮಂಜು ಒಂದು ಮಗ್ಗುಲಿಗೆ ತೆಳ್ಳಗಾಯಿತು. ತುಕ್ಕು ಹಿಡಿದ ಕೆಂಪು ಗೋಡೆಯೊಂದು ನೀರಿನಿಂದ ಎದ್ದು ನಿಂತಿತು. ಗೋಡೆಯ ಮೇಲೆ ಕಟಕಟೆ, ಕಟಕಟೆಯ ಹಿಂದೆ ಕಿತ್ತಳೆ ಉಡುಪು, ಹಳದಿ ಹೆಲ್ಮೆಟ್ಟು. ಮನುಷ್ಯ ಎದೆ ಸೆಟೆದು, ಎರಡೂ ಕೈ ಕಟಕಟೆಗೆ ಊರಿ, ದಂಡೆಯನ್ನೇ ನೋಡುತ್ತ ನಿಂತಿದ್ದ.

ಮಾದೇವನ ಜೀವಮಾನದಲ್ಲಿ ಲೆನ್ಸಿನೊಳಗೆ ಏನಾದರೂ ಕಂಡದ್ದು ಅದೇ ಮೊದಲು. ಟಕಟಕ ಹೊಡೆದ. ಮಂಗಲಾ ಲೋಟ ಕೆಳಗಿಟ್ಟು ಲೆನ್ಸಿಗೆ ಕಣ್ಣು ಹಚ್ಚಿದಳು.

“ಎಷ್ಟು ಎತ್ತರ ಇದ್ದ ಮಾರಾಯ್ತಿ. ಹೊಟ್ಟೆಯೂ ಇಲ್ಲೆ.”

ಸುಕ್ರಿ ನೋಡಿದಳು. ನೋಡಿ, ಬಾಯಿಯ ಸುತ್ತ ಕೈ ಹಿಡಿದು ಹೊಳೆ ಬಿರಿಯುವಂತೆ ಕೂಗಿದಳು. “ನಾಗರಾಜಾ, ಓ ನಾಗರಾಜಾ!”

ಹಳದಿ ಹೆಲ್ಮೆಟ್ಟು ಅಲ್ಲಾಡಲಿಲ್ಲ.

“ನೋಡಿದ್ರಾ” ಎಂದಳು ಸುಕ್ರಿ. “ಹೆಣ್ಣು ಕೂಗಿದ್ರೆ ತಿರುಗೂ ಪೈಕಿ ಅಲ್ಲ. ಒಳ್ಳೆ ಮನೆ ಹುಡುಗ.”

ಹೊಳೆಯ ದಂಡೆಯಲ್ಲಿ ಒಬ್ಬ ದಿನಾ ಹಡಗಿನ ಫೋಟೋ ತೆಗೆಯುತ್ತಾನೆ ಎಂದು ಯಾರೋ ದೂರು ಕೊಟ್ಟಿದ್ದರು. ಕರಾವಳಿ ಕಾವಲಿನ ಪೊಲೀಸಿನವ ಅದೇ ಹೊತ್ತಿಗೆ ಬೈಕು ನಿಲ್ಲಿಸಿ ಬಂದ. ಮಾದೇವ ಹೆದರಿ, ಹಿಂದೆ ತೆಗೆದ ಫೋಟೋಗಳನ್ನೆಲ್ಲ ತೋರಿಸಿದ. ಪೊಲೀಸಿನವ ಬಹಳ ಹೊತ್ತು ನೋಡಿದ.

“ಇದ್ರಲ್ಲಿ ಎಂತ ಅದೆ?”

“ಹಡಗು ಸರ್.”

“ಎಲ್ಲಿ?”

ಮಾದೇವ ಬೆರಳಿಟ್ಟು ಮೂತಿ, ಹಿಂಬದಿ, ಕ್ರೇನು ತೋರಿಸಿದ. ಇದರಿಂದ ದೇಶಕ್ಕೆ ಅಪಾಯವಿಲ್ಲವೆಂದು ಪೊಲೀಸಿನವನಿಗೆ ಖಾತ್ರಿಯಾಯಿತು. ಹುಡುಗನ ಸಂಗತಿ ಕೇಳಿ ಅವನೂ ಲೆನ್ಸಿಗೆ ಬಗ್ಗಿದ. ಚಹಾ ಕುಡಿದ, ಮತ್ತೊಮ್ಮೆ ಬಗ್ಗಿದ. ಅವಲಕ್ಕಿ ತಿಂದ, ಮತ್ತೊಮ್ಮೆ ಬಗ್ಗಿದ. ಕೊನೆಗೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

“ನಾ ಬಂದಾಗಿಂದ ನೋಡ್ತಾ ಇದ್ದೆ. ಕೂತಿಲ್ಲ, ಒರಗಿಲ್ಲ, ಒಂದು ಸಲ ಮೊಬೈಲು ತೆಗ್ದಿಲ್ಲ. ಡ್ಯೂಟಿ ಅಂದ್ರೆ ಇದು. ನಮ್ಮ ಸಾಹೇಬ್ರು ನಿಂತ ಹಾಗೇ ನಿದ್ದೆ ಮಾಡ್ತ್ರು, ಆದ್ರೂ ಇಷ್ಟು ನೆಟ್ಟಗೆ ನಿಂತದ್ದು ಕಾಣೆ.”

ಫೋಟೋ ಕುಟುಂಬದ ಗುಂಪಿಗೆ ಹೋಯಿತು. ಪೊಲೀಸಿನವನ ಅಭಿಪ್ರಾಯವನ್ನು ಮಾದೇವ ಕೆಳಗೆ ಬರೆದ. ಗುಂಪು ಕೊತಕೊತ ಕುದಿಯಿತು. ಹುಡುಗನ ಭುಜ ತಮ್ಮ ಅಜ್ಜನದರ ಹಾಗಿದೆ ಎಂದು ಒಬ್ಬರು, ನಿಂತ ಭಂಗಿಯಲ್ಲೇ ಸಂಸ್ಕಾರ ತಿಳಿಯುತ್ತದೆ ಎಂದು ಇನ್ನೊಬ್ಬರು. ಅಂಕೋಲೆಯ ಚಿಕ್ಕಮ್ಮ ಫೋಟೋ ದೊಡ್ಡದು ಮಾಡಿ ನೋಡಿ, ಮೀಸೆ ಇದೆ ಎಂದು ಘೋಷಿಸಿದಳು. ಕುಮಟೆಯಲ್ಲಿ ವಿಶ್ವನಾಥ ಈರುಳ್ಳಿ ಗದ್ದೆಯ ಬದುವಿನಲ್ಲಿ ಕುಳಿತು ಅದೇ ಫೋಟೋವನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮಧ್ಯಾಹ್ನ ಫೋನು ಮಾಡಿದ.

“ಮಾದೇವ, ಈಗ್ಲೂ ನಿಂತಿದ್ನ?”

ಮಾದೇವ ಗಿರಣಿ ನಿಲ್ಲಿಸಿ ಹಿಂಬಾಗಿಲಿಗೆ ಓಡಿದ. ಬಿಸಿಲಿಗೆ ಹೊಳೆ ಕಣ್ಣು ಕುಕ್ಕುತ್ತಿತ್ತು. ಹೊಳೆಯ ಹೊಳಪಿನಲ್ಲಿ ಹಡಗು ಬರೀ ಕಪ್ಪು ಆಕಾರ. ಅದರ ಹಿಂಬದಿಯಲ್ಲಿ ಕಪ್ಪಗೆ, ನೆಟ್ಟಗೆ, ಒಬ್ಬ.

“ನಿಂತಿದ್ದ ಭಾವ.”

“ಊಟಕ್ಕೆ ಹೋಗ್ಲಿಲ್ವಾ?”

“ಹೋದಂಗೆ ಕಾಣೂದಿಲ್ಲ.”

ಈ ಕಾಲದಲ್ಲಿ ಊಟ ಬಿಟ್ಟು ಕೆಲಸದಲ್ಲಿ ನಿಲ್ಲುವ ಹುಡುಗ. ವಿಶ್ವನಾಥನಿಗೆ ಅಷ್ಟು ಸಾಕಾಯಿತು. “ನಾಡಿದ್ದಿಂದ ಧನುರ್ಮಾಸ. ನಾಳೆ ಬೆಳಗ್ಗೆ ಬರ್ತೆ. ಜಾಲಿಯವರಿಗೂ ಬರೂಕೆ ಹೇಳು. ಕಣ್ಣಲ್ಲಿ ಒಂದು ಸಲ ನೋಡಿ ವೀಳ್ಯ ಬದಲಾಯಿಸ್ವ.”

ಹುಡುಗಿಯನ್ನು ನೋಡಲು ಹುಡುಗನ ಕಡೆಯವರು ಬರುವುದು ಲೋಕದ ರೂಢಿ. ಹುಡುಗನನ್ನು ನೋಡಲು ಹುಡುಗಿಯ ಕಡೆಯವರು ಬಂದು, ನೋಡಬೇಕಾದ ಹುಡುಗ ನೀರಿನ ನಡುವೆ ಮಂಜಿನಲ್ಲಿದ್ದು, ಮಧ್ಯಸ್ಥನಾಗಿ ಒಂದು ಲೆನ್ಸ್ ನಿಂತದ್ದು ಆ ಜಿಲ್ಲೆಯಲ್ಲಿ ಬಹುಶಃ ಅದೇ ಮೊದಲು. ಮಾದೇವ ಮರುದಿನಕ್ಕೆ ತಕ್ಕ ತಯಾರಿ ಮಾಡಿದ. ತೆಂಗಿನ ಮರಗಳ ಕೆಳಗೆ ಗುಡಿಸಿ ನೀರು ಚಿಮುಕಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹೊಳೆಗೆ ಮುಖ ಮಾಡಿ ಇಟ್ಟ. ಕೆಮರಾವನ್ನು ಹಿಟ್ಟಿನ ಡಬ್ಬದ ಮೇಲೆ ಕೂರಿಸಿದ. ಮಂಗಲಾ ಅವಲಕ್ಕಿ ಕಲಸಿ, ಹುಡುಗನ ಪಾಲಿನದೆಂದು ಒಂದು ತಟ್ಟೆ ಬೇರೆ ಎತ್ತಿಟ್ಟಳು. ಅದು ಅವನನ್ನು ಹೇಗೆ ಮುಟ್ಟುತ್ತದೆಂದು ಯಾರೂ ಕೇಳಲಿಲ್ಲ. ಶಾಸ್ತ್ರ ಎಂದರೆ ಶಾಸ್ತ್ರ.

ಬೆಳಗ್ಗೆ ಮೊದಲ ಬಸ್ಸಿಗೆ ವಿಶ್ವನಾಥ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮಗಳನ್ನು ಕರೆದುಕೊಂಡು ಬಂದ. ಅಮಿತಾ ಯಾರ ಮುಖವನ್ನೂ ನೋಡದೆ, ವೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಳು. ನಾಚಿಕೆ ಎಂದು ಎಲ್ಲರೂ ಸಂತೋಷಪಟ್ಟರು. ಮಾಲಿನಿ ಜಾಲಿಯಿಂದ ಭಟ್ಕಳ ಮಲ್ಲಿಗೆಯ ದಂಡೆ, ಎಲೆ ಅಡಿಕೆ, ತೆಂಗಿನಕಾಯಿ ತಂದಿದ್ದಳು. ಸುಕ್ರಿ ಅಂದೂ ದೋಣಿ ಇಳಿಸಲಿಲ್ಲ. ಪೊಲೀಸಿನವ ಕೆಲಸದ ಮೇಲೆ ಬಂದಿದ್ದೇನೆ ಎಂದು ಹೇಳಿ ಮುಂದಿನ ಕುರ್ಚಿಯಲ್ಲಿ ಕುಳಿತ.

ಮಂಜು ಹಿಂದಿನ ದಿನಕ್ಕಿಂತ ದಟ್ಟವಾಗಿತ್ತು. ಎಲ್ಲರೂ ಬಿಳಿಯ ಕಡೆಗೆ ಮುಖ ಮಾಡಿ ಅವಲಕ್ಕಿ ತಿಂದರು. ಎರಡನೇ ಸಲ ಚಹಾ ಬರುವ ಹೊತ್ತಿಗೆ ಒಂದಿಷ್ಟು ಸಡಿಲವಾಯಿತು. ಕಟಕಟೆ ಕಂಡಿತು, ಆಮೇಲೆ ಕಿತ್ತಳೆ, ಆಮೇಲೆ ಹಳದಿ.

“ಭಾವ, ಬನ್ನಿ” ಎಂದ ಮಾದೇವ, ಬಾವಿಯಲ್ಲಿ ಬಂಗಾರ ಕಂಡವನಂತೆ.

ವಿಶ್ವನಾಥ ಪಂಚೆ ಎತ್ತಿ ಕಟ್ಟಿ, ಡಬ್ಬದ ಮುಂದೆ ಮಂಡಿಯೂರಿ ಲೆನ್ಸಿಗೆ ಕಣ್ಣಿಟ್ಟ. ನೋಡಿದ. ಕಣ್ಣು ಒರೆಸಿಕೊಂಡು ಇನ್ನೊಂದು ಕಣ್ಣಿನಿಂದ ನೋಡಿದ. ಈರುಳ್ಳಿ ಆರಿಸುವ ಮನುಷ್ಯ. ಅವನು ಎದ್ದು ನಿಲ್ಲುವ ಹೊತ್ತಿಗೆ ಪೊಲೀಸಿನವ ಹುಡುಗನ ಪಾಲಿನ ಅವಲಕ್ಕಿಯ ಕಡೆ ನೋಡತೊಡಗಿದ್ದ.

“ನಿನ್ನೆ ನಿಂತಲ್ಲೇ ನಿಂತಿದ್ದ” ಎಂದ ವಿಶ್ವನಾಥ. ಧ್ವನಿಯಲ್ಲಿ ಭಕ್ತಿಯಿತ್ತು. “ನಾ ಇಷ್ಟು ಹೊತ್ತು ನೋಡಿದ್ರೂ ಎದುರು ಮಾತಾಡ್ಲಿಲ್ಲ, ಹಲ್ಲು ಕಿಸಿಲಿಲ್ಲ. ಅಕ್ಕ, ನಿ‌ಮ್ಮ ಮಗ ಗಂಭೀರ.”

ಮಾಲಿನಿಗೆ ಈ ಮಾತು ಕೊಂಚ ಹೊಸದಾಗಿ ಕೇಳಿಸಿತು. ಅವಳು ಬಗ್ಗಿ ಲೆನ್ಸಿನಲ್ಲಿ ನೋಡಿದಳು. ನೋಡಿದವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಎಷ್ಟು ಬಡವಾಗಿ ಹೋಗಿದ್ದ ಮಗ. ಮೈಮೇಲೆ ಮಾಂಸವೇ ಇಲ್ಲೆ. ಹಡಗಲ್ಲಿ ಊಟ ಸರಿ ಹಾಕೂದಿಲ್ಲ ಕಾಣ್ತದೆ.”

“ಮದ್ವೆ ಆದ್ಮೇಲೆ ಮೈ ಬರ್ತದೆ” ಎಂದು ಸುಕ್ರಿ ಸಮಾಧಾನ ಹೇಳಿದಳು.

ಅಮಿತಾಳ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆ ಎಂದುಕೊಂಡು ಮಂಗಲಾ ಅವಳ ಬೆನ್ನು ಸವರಿದಳು. ವಿಶ್ವನಾಥ ತಡಮಾಡಲಿಲ್ಲ. ಹೊಳೆಗೆ ಮುಖ ಮಾಡಿ, ಹುಡುಗನ ಸಾಕ್ಷಿಯಾಗಿ, ಮಾಲಿನಿಯ ಕೈಯಿಂದ ವೀಳ್ಯ ತೆಗೆದುಕೊಂಡು ತನ್ನ ವೀಳ್ಯ ಕೊಟ್ಟ. ಪಡೆದದ್ದನ್ನು ಬಿಳಿ ಅಂಗಿಯ ಕಿಸೆಯಲ್ಲಿಟ್ಟು ಮೇಲಿನಿಂದ ಒಮ್ಮೆ ತಟ್ಟಿದ. ಮಾದೇವ ಹಡಗಿನ ಕಡೆ ಕೈ ಬೀಸಿ “ಆತು, ಆತು” ಎಂದು ಕೂಗಿದ.

ಕಬ್ಬಿಣ ಇಳಿಸಿಕೊಳ್ಳಲು ಬಂದ ಬಾರ್ಜೊಂದು ಅದೇ ಗಳಿಗೆಯಲ್ಲಿ ಮಂಜಿನೊಳಗೆ ಹಡಗಿಗೆ ಹೋಗಿ ಮೆತ್ತಗೆ ತಾಗಿತು. ಢಂ ಎಂದು ಸದ್ದಾಯಿತು. ಕಟಕಟೆಯ ಹಿಂದಿದ್ದ ಹುಡುಗ ಮುಂದಕ್ಕೆ ಬಾಗಿದ. ಇನ್ನೂ ಬಾಗಿದ. ಕೈ ಬಡಿಯಲಿಲ್ಲ, ಕೂಗಲಿಲ್ಲ. ನೆಟ್ಟಗೆ ಇದ್ದವನು ನೆಟ್ಟಗೇ ತಲೆ ಕೆಳಗಾಗಿ ಶರಾವತಿಗೆ ಬಿದ್ದ. ಬೀಳುವುದರಲ್ಲೂ ಅಂಥ ಶಿಸ್ತನ್ನು ಕೋಡಿಕೇರಿ ಕಂಡಿರಲಿಲ್ಲ.

ಎಲ್ಲರಿಗೂ ಒಟ್ಟಿಗೇ ಬಾಯಿ ಬಂತು. ಮಾಲಿನಿ ಮಗನ ಹೆಸರು ಹಿಡಿದು ಕೂಗಿಕೊಂಡಳು. ಪೊಲೀಸಿನವ ಸೀಟಿ ಊದಿದ. ಸುಕ್ರಿ ದೋಣಿಯ ಹಗ್ಗ ಬಿಚ್ಚಲು ಓಡಿದಳು. ಮಾದೇವ ಏನು ಮಾಡುವುದೆಂದು ತಿಳಿಯದೆ ಫೋಟೋ ತೆಗೆದ. ಅಮಿತಾ ಎದ್ದು ನಿಂತು “ಅಪ್ಪಾ, ಅದು ಅಲ್ಲ, ಅಪ್ಪಾ” ಎನ್ನುವುದರೊಳಗೆ ಅಪ್ಪ ನೀರಿಗೆ ಹಾರಿಯಾಗಿತ್ತು.

ವಿಶ್ವನಾಥ ಈಜು ಕಲಿತದ್ದು ಗದ್ದೆಯ ಬಾವಿಯಲ್ಲಿ. ಬಾವಿಯಲ್ಲಿ ಎತ್ತ ಈಜಿದರೂ ಗೋಡೆ ಸಿಗುತ್ತದೆ. ಹೊಳೆಯಲ್ಲಿ ಸಿಗಲಿಲ್ಲ. ಇಳಿತದ ನೀರು ಬೇರೆ ಎಳೆಯುತ್ತಿತ್ತು. ಮಂಜಿನಲ್ಲಿ ಕಿತ್ತಳೆ ಬಣ್ಣ ಕಂಡ ಕಡೆಗೆ ಕೈ ಬಡಿದು ಬಡಿದು ಹೋಗಿ, ಉಸಿರು ಮುಗಿಯುವ ಹೊತ್ತಿಗೆ ಹುಡುಗನನ್ನು ಮುಟ್ಟಿದ. ಮುಟ್ಟಿದವನು ತಬ್ಬಿಕೊಂಡ.

“ಹೆದರ್ಬೇಡ ಮಗಾ” ಎಂದು ನೀರು ಉಗುಳುತ್ತ ಹೇಳಿದ. “ನಾ ಇದ್ದೆ.”

ನಿಜ ಹೇಳಬೇಕೆಂದರೆ ತೇಲುತ್ತಿದ್ದವನು ಹುಡುಗ, ಅವನನ್ನು ಹಿಡಿದುಕೊಂಡು ಉಳಿದವನು ವಿಶ್ವನಾಥ. ಹುಡುಗ ಬೆಂಡಿನಂತೆ ಹಗುರವಾಗಿದ್ದ. ಮೈ ಗಟ್ಟಿಯಿಲ್ಲ, ಎಲುಬಿಲ್ಲ. ಹಡಗಿನಲ್ಲಿ ಊಟ ಹಾಕುವುದಿಲ್ಲ ಎಂಬ ಮಾಲಿನಿಯ ಮಾತು ವಿಶ್ವನಾಥನ ಮನಸ್ಸಿಗೆ ಬಂತು. ಮುಖ ನೀರಿನೊಳಗಿದೆಯಲ್ಲ ಎಂದು ತಲೆಗೆ ಕೈ ಹಾಕಿ ಎತ್ತಿದ. ಹಳದಿ ಹೆಲ್ಮೆಟ್ಟು ಕಳಚಿ ಹೊಳೆಯಲ್ಲಿ ಹೋಯಿತು. ಕೆಳಗೆ ಎಣ್ಣೆಯ ಬಿಳಿ ಕ್ಯಾನೊಂದಿತ್ತು. ಅದರ ಮೇಲೆ ಕಪ್ಪು ಪೆನ್ನಿನಲ್ಲಿ ಎರಡು ಕಣ್ಣು, ಒಂದು ಮೂಗು, ಅಂಕೋಲೆಯ ಚಿಕ್ಕಮ್ಮ ಹೇಳಿದ್ದ ಮೀಸೆ.

ವಿಶ್ವನಾಥ ಅದನ್ನು ನೋಡಿದ. ಅದು ವಿಶ್ವನಾಥನನ್ನು ನೋಡಿತು. ಬಿಟ್ಟರೆ ಮುಳುಗುತ್ತಿದ್ದ, ಹಾಗಾಗಿ ಬಿಡಲಿಲ್ಲ.

ಆ ಹೊತ್ತಿಗೆ ಹಡಗಿನ ಮಗ್ಗುಲಿಂದ ರಬ್ಬರಿನ ದೋಣಿಯೊಂದು ಭರ್ರನೆ ಬಂತು. ಅದರಲ್ಲಿ ಗಿಡ್ಡಗೆ, ಗುಂಡಗೆ, ಮುಖದ ಅರ್ಧಕ್ಕೆ ಎಣ್ಣೆ ಮೆತ್ತಿಕೊಂಡ ಒಬ್ಬ ಹುಡುಗ. ಅವನು ವಿಶ್ವನಾಥನ ಎರಡೂ ಕಂಕುಳಿಗೆ ಕೈಕೊಟ್ಟು, ಬಲೆ ಎಳೆದಂತೆ ದೋಣಿಗೆ ಎಳೆದುಹಾಕಿದ. ತಬ್ಬಿಕೊಂಡಿದ್ದುದೂ ಜೊತೆಗೇ ಬಂತು. ತನ್ನ ಒಣ ಜಾಕೀಟು ತೆಗೆದು ಮುದುಕನಿಗೆ ಹೊದೆಸಿದ. ಅಷ್ಟು ಮಾಡುವಾಗಲೂ ಅವನ ಬಾಯಿ ನಿಂತಿರಲಿಲ್ಲ.

“ಎಂತ ಮಾವ, ಇಷ್ಟು ಚಳಿಯಲ್ಲಿ ಈಜೂಕೆ ಬರೂದಾ, ಕಾಲು ಒಳಗೆ ತಗಳಿ, ಹಂ, ನಾ ಕೆಳಗೆ ಪಂಪು ಬಿಚ್ತಾ ಇದ್ದೆ, ಮೇಲಿಂದ ಕೂಗಿದ್ರು ಯಾರೋ ಬಿದ್ರು ಅಂತ, ನೋಡಿದ್ರೆ ನೀವು, ಅಮಿತಾ ಫೋಟೋ ಕಳಿಸಿತ್ತು ನಿಮ್ದು, ಎಮ್ಮೆ ಜೊತೆ ನಿಂತದ್ದು.”

ದೋಣಿ ದಂಡೆಗೆ ಬಂದು ತಾಗಿತು. ಪೊಲೀಸಿನವನಿಗೆ ಕರ್ತವ್ಯ ನೆನಪಾಯಿತು. “ನೀ ಇಳಿಯೂ ಹಾಗಿಲ್ಲ. ಪಾಸಿಲ್ಲ. ಕಾಲು ದೋಣಿಯಲ್ಲೇ ಇರ್ಲಿ.”

“ಆತು ಸರ್” ಎಂದು ಹುಡುಗ ದೋಣಿಯಲ್ಲೇ ನಿಂತು ನಕ್ಕ. ಮಾಲಿನಿ ಓಡಿ ಬಂದು ಅವನ ಕೆನ್ನೆ ಹಿಂಡಿದಳು. ಕೆನ್ನೆ ಕೈತುಂಬ ಸಿಕ್ಕಿತು. ಮಗ ಬಡವಾಗಿರಲಿಲ್ಲ ಎಂದು ತಿಳಿದು ಅವಳಿಗೆ ಜೀವ ಬಂತು. ಹುಡುಗನ ಪಾಲಿನ ಅವಲಕ್ಕಿಯನ್ನು ಮಂಗಲಾ ದಂಡೆಯಿಂದಲೇ ಚಾಚಿದಳು.

ವಿಶ್ವನಾಥ ಕುರ್ಚಿಯಲ್ಲಿ ಕುಳಿತಿದ್ದ. ನೀರು ಸುರಿಯುತ್ತಿತ್ತು. ಕಿತ್ತಳೆ ಉಡುಪಿನ ಬೊಂಬೆಯನ್ನು ಇನ್ನೂ ತೋಳಿನಲ್ಲಿ ಹಿಡಿದುಕೊಂಡೇ ಇದ್ದ.

“ಇದು ಎಂತದು?” ಎಂದ ಕೊನೆಗೆ.

“ಬೆರ್ಚಪ್ಪ ಮಾವ” ಎಂದ ನಾಗರಾಜ, ಬಾಯಿತುಂಬ ಅವಲಕ್ಕಿ. “ಕಡಲುಗಳ್ಳರ ಕಾಟ ಇದ್ದ ಕಡೆಯಿಂದ ಬಂದದ್ದಲ್ವಾ ನಾವು. ಹಡಗಲ್ಲಿ ಕಾವಲು ಅದೆ ಅಂತ ಕಳ್ರಿಗೆ ಕಾಣ್ಲಿ ಅಂತ ಹಿಂದೆ ಮುಂದೆ ನಿಲ್ಸಿಡ್ತ್ರು. ಒಳಗೆ ಹಳೆ ಲೈಫ್ ಜಾಕೀಟು ತುಂಬಿದ್ದೆ. ಇಲ್ಲಿ ಬಂದ್ಮೇಲೆ ತೆಗೂಕೆ ಪುರುಸೊತ್ತು ಆಗ್ಲಿಲ್ಲ.”

“ನೀ ನಿಲ್ತೆ ಅಂದಿದ್ಯಲ್ಲ, ಅಲ್ಲಿ.”

“ನಿನ್ನೆ ಪಂಪು ಕೆಟ್ತು, ಬರೂಕಾಗ್ಲಿಲ್ಲ. ಇವತ್ತು ಬರೂಕೆ ಹೊರಟಿದ್ದೆ. ಬರ್ಬೇಡ ಅಂತ ಅಮಿತಾನೇ ಹೇಳ್ತು.”

ಎಲ್ಲರೂ ಅಮಿತಾಳ ಕಡೆ ತಿರುಗಿದರು. ವೇಲಿನ ಸೆರಗು ಬಾಯಿಂದ ಕೆಳಗೆ ಬಂದಿತ್ತು.

“ನಾ ಎಂತ ಮಾಡುದು ಅಪ್ಪ” ಎಂದಳು ಅವಳು. “ನಿಂಗೆ ಮೊದಲ್ನೇ ಸಲ ಒಬ್ಬ ಮೆಚ್ಚಿಗೆ ಆಗಿದ್ದ. ಅದನ್ನ ಯಾಕೆ ಹಾಳು ಮಾಡೂದು ಅಂತ ಸುಮ್ನಾದೆ.”

ಸುಕ್ರಿ ನಗು ತಡೆಯಲಾರದೆ ದೋಣಿಯ ಹಗ್ಗವನ್ನು ಬಿಚ್ಚಿದಲ್ಲೇ ಮತ್ತೆ ಕಟ್ಟತೊಡಗಿದಳು. ಮಾದೇವ ಲೆನ್ಸನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಮಾಲಿನಿ ಮಾತ್ರ ನಗಲಿಲ್ಲ. ಸೆರಗು ಸರಿಮಾಡಿಕೊಂಡು ವಿಶ್ವನಾಥನ ಮುಂದೆ ಬಂದು ನಿಂತಳು.

“ಅಣ್ಣ, ನೀವು ವೀಳ್ಯ ಕೊಟ್ಟದ್ದು ಯಾರನ್ನೋ ನೋಡಿ. ನನ್ನ ಮಗ ಇವ. ಎತ್ತರ ಇಲ್ಲೆ, ಹೊಟ್ಟೆ ಅದೆ, ಬಾಯಿ ಮುಚ್ಚೂದಿಲ್ಲ. ಬೇಡ ಅಂತ ಕಂಡ್ರೆ ವಾಪಸ್ ಕೊಡಿ. ನಾ ಬೇಜಾರು ಮಾಡ್ಕಣೂದಿಲ್ಲ.”

ಅಮಿತಾಳ ನಗು ನಿಂತಿತು. ವಿಶ್ವನಾಥ ಕಿಸೆಗೆ ಕೈ ಹಾಕಿದ. ವೀಳ್ಯದೆಲೆ ಒದ್ದೆಯಾಗಿ ಅಂಗಿಗೆ ಅಂಟಿತ್ತು. ಬಿಡಿಸಿ ತೆಗೆದು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಆಮೇಲೆ ನಾಗರಾಜನನ್ನು ನೋಡಿದ.

“ಸ್ವಲ್ಪ ಹೊತ್ತು ಸುಮ್ನೆ ನಿಲ್ಲೂಕೆ ಬರ್ತದಾ ನಿಂಗೆ?”

ನಾಗರಾಜ ಎದೆ ಸೆಟೆದು, ಕೈ ಕೆಳಗೆ ಬಿಟ್ಟು, ತುಟಿ ಬಿಗಿದು ನಿಂತ. ಎಲ್ಲರೂ ನೋಡುತ್ತಿದ್ದರು. ದೋಣಿ ಓಲಾಡಿತು, ಅವಲಕ್ಕಿಯ ತಟ್ಟೆ ಜಾರಿತು, ಹಿಡಿಯಲು ಹೋಗಿ ಅವನು ಕುಕ್ಕರಿಸಿದ, ಕುಕ್ಕರಿಸಿ ನಕ್ಕುಬಿಟ್ಟ.

“ಬರೂದಿಲ್ಲ ಮಾವ.”

ಹಡಗು ದೊಡ್ಡದಾಗಿ ಕೂಗಿತು. ಅವನು ಹೋಗಬೇಕಿತ್ತು. ವಿಶ್ವನಾಥ ಇನ್ನೂ ವೀಳ್ಯವನ್ನೇ ತಿರುಗಿಸುತ್ತಿದ್ದ. ಮಾದೇವ ಮೊಬೈಲು ತೆಗೆದು, “ಎಲ್ಲ ಒಟ್ಟಿಗೆ ನಿಲ್ಲಿ, ಒಂದು ಫೋಟೋ” ಎಂದ. ಮಂಜು ಪೂರ್ತಿ ಸರಿದಿತ್ತು, ಬಿಸಿಲು ಬಿದ್ದಿತ್ತು. ದಂಡೆಯ ಮೇಲೆ ಅಮಿತಾ, ಮಾಲಿನಿ, ಮಂಗಲಾ, ಸುಕ್ರಿ, ನಡುವೆ ಬೊಂಬೆಯನ್ನು ತಬ್ಬಿಕೊಂಡ ವಿಶ್ವನಾಥ, ಪಕ್ಕದಲ್ಲಿ ದೋಣಿಯೊಳಗೆ ನಾಗರಾಜ, ಅವನ ಕಾಲಿನ ಮೇಲೆ ಕಣ್ಣಿಟ್ಟ ಪೊಲೀಸಿನವ. ಎಲ್ಲ ಸ್ಪಷ್ಟವಾಗಿ ಬಂತು. ಆ ಹುರುಪಿನಲ್ಲಿ ಮಾದೇವ ಅದನ್ನು ಗುಂಪಿಗೆ ಕಳಿಸಿಯೂ ಬಿಟ್ಟ.

ರಬ್ಬರು ದೋಣಿ ತಿರುಗಿ ನಾಲ್ಕು ಮಾರು ಹೋಗಿರಲಿಲ್ಲ, ಮೊಬೈಲು ಟಿಣ್ ಎಂದಿತು. ಅಂಕೋಲೆಯ ಚಿಕ್ಕಮ್ಮ. ಮಾದೇವ ಗಟ್ಟಿಯಾಗಿ ಓದತೊಡಗಿದವನು ಅರ್ಧಕ್ಕೆ ನಿಲ್ಲಿಸಿದ.

“ಓದು” ಎಂದ ವಿಶ್ವನಾಥ.

“‘ಹುಡುಗ ಹತ್ತಿರದಿಂದಲೂ ಗಂಭೀರ. ವಿಶ್ವನಾಥನಿಗೆ ಎಷ್ಟು ಪ್ರೀತಿ ನೋಡಿ, ಈಗ್ಲೇ ತಬ್ಬಿಕೊಂಡಿದ್ದ. ದೋಣಿಯಲ್ಲಿ ಹಲ್ಲು ಬಿಡ್ತಾ ಇದ್ದವ ಯಾರು, ಹಡಗಿನ ಅಡುಗೆಯವನಾ?’”

ವಿಶ್ವನಾಥ ಕೈ ಚಾಚಿ ಮೊಬೈಲು ಕಸಿದುಕೊಂಡ. ಎಮ್ಮೆಯ ಪ್ರಕರಣದ ನಂತರ ಅವನು ಇಂಥದ್ದನ್ನು ಮುಟ್ಟಿದ್ದು ಮಾತಾಡಲು, ಫೋಟೋ ನೋಡಲು ಮಾತ್ರ. ಬೊಂಬೆಯನ್ನು ಕುರ್ಚಿಗೆ ಒರಗಿಸಿ ನಿಲ್ಲಿಸಿದ. ಒದ್ದೆ ಬೆರಳಿಗೆ ಅಕ್ಷರ ಮೂಡುವುದಿಲ್ಲವೆಂದು ಜಾಕೀಟಿಗೆ ಒರೆಸಿಕೊಂಡ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಹೋದ. ಅವನ ಭುಜದ ಮೇಲಿನಿಂದ ಅಮಿತಾ ಬಗ್ಗಿ, ಉಸಿರು ಹಿಡಿದು, ಅಕ್ಷರಗಳು ಕೂಡಿಕೊಳ್ಳುವುದನ್ನು ನೋಡುತ್ತಿದ್ದಳು.

“ತಬ್ಬಿಕೊಂಡದ್ದು ಹಡಗಿನ ಕಾವಲಿನವನನ್ನು. ದೋಣಿಯಲ್ಲಿ ನಗುವವ ನಮ್ಮ ಅಳಿಯ.”